ಬಾತಿನ ಮರೆಗೆ ಟವೆಲ್ ಹಾಕುವಂತಿಲ್ಲ

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಅಲ್ವಿಸೋದ ಏರಿಯ ಮೇಲೆ ವಾಕಿಂಗ್ ಹೊರಟಿದ್ದೆ. ಕ್ಯಾಲಿಫೋರ್ನಿಯಾಕ್ಕೆ ಬಂದು ಆಗಿನ್ನೂ ಮೊದಲ ವರ್ಷ. ಸ್ಯಾನ್ ಹೋಸೆ ಊರಿನ ತುದಿಯಲ್ಲಿ, ಕೊಲ್ಲಿಗೆ ಅಂಟಿಕೊಂಡ ಹಳೇ ಉಪ್ಪಿನ ಕೊಳಗಳ ಜಾಗ ಅದು. ದೂರದಲ್ಲಿ ಢಂ ಢಂ ಅಂತ ಸದ್ದು. ದೀಪಾವಳಿ ಮುಗೀತಲ್ಲ, ಇನ್ನೂ ಯಾರಪ್ಪ ಪಟಾಕಿ ಹೊಡೀತಿರೋದು ಅಂದುಕೊಂಡೆ. ಎದುರಿಗೆ ಬಂದ ಹೆಂಗಸೊಬ್ಬರು ನನ್ನ ಮುಖ ನೋಡಿ ನಕ್ಕು, 'ಡಕ್ ಸೀಸನ್' ಅಂದು ಮುಂದೆ ಹೋದರು.

ನಮ್ಮೂರಿನ ಕೆರೆಯಲ್ಲಿ ಕಾಡುಬಾತಿಗೆ ಕೈ ಹಚ್ಚಿದರೆ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಕೇಸು. ಇಲ್ಲಿ ಸರ್ಕಾರದ ಜಾಗದಲ್ಲೇ, ಸರ್ಕಾರದ ಲೈಸೆನ್ಸಿನಲ್ಲೇ ಹೊಡೆಯುತ್ತಾರೆ. ವಿಚಿತ್ರ ಅಂದರೆ ಅವೇ ಬಾತುಗಳು. ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು ಎರಡೂ ಚಳಿಗಾಲಕ್ಕೆ ಕರ್ನಾಟಕದ ಕೆರೆಗಳಿಗೂ ಬರುತ್ತವೆ, ಅಲ್ವಿಸೋಗೂ ಬರುತ್ತವೆ.

ಆಮೇಲೆ ಆಫೀಸಿನಲ್ಲಿ ಕೊಡಗಿನ ಗೆಳೆಯನೊಬ್ಬ ಸಿಕ್ಕ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಬೆಳೆದವನು. ಅವನ ಜೊತೆ ಎರಡು ಸೀಸನ್ ಕ್ಯಾಮೆರಾ ಹಿಡಿದು ಹೋದೆ, ಮೂರನೆಯದಕ್ಕೆ ನಾನೂ ಲೈಸೆನ್ಸ್ ಮಾಡಿಸಿದೆ. ಬೇಟೆ ಸರಿಯೋ ತಪ್ಪೋ ಅನ್ನುವುದು ಇಲ್ಲಿನ ಮಾತಲ್ಲ. ಹೋಗುವುದೇ ಆದರೆ ಹೇಗೆ ಹೋಗಬೇಕು, ಎಲ್ಲಿ ಕೂರಬೇಕು, ಅದೇ ಜಾಗಕ್ಕೆ ಬರುವ ಬೇರೆಯವರ ಜೊತೆ ಹೇಗಿರಬೇಕು ಅನ್ನುವುದಷ್ಟೇ. ಬೇಟೆಯಾಡದೆ ಸುಮ್ನೆ ನಡೆಯಲು ಹೋಗುವವರಿಗೂ ಕೊನೆಯಲ್ಲಿ ಒಂದೆರಡು ಮಾತಿದೆ.

ಮೊದಲು ಕಾಗದ

ಇದನ್ನು ಬೇಗ ಮುಗಿಸುತ್ತೇನೆ. ಹಂಟರ್ ಎಜುಕೇಶನ್ ಕೋರ್ಸ್ ಪಾಸಾಗಬೇಕು, ಆಮೇಲೆ ರಾಜ್ಯದ ಹಂಟಿಂಗ್ ಲೈಸೆನ್ಸ್. ಅದರ ಮೇಲೆ ಬಾತು ಬೇಟೆಗೆಂದೇ ರಾಜ್ಯ ಕೊಡುವ ಡಕ್ ವ್ಯಾಲಿಡೇಶನ್, ಹಿಪ್ ಅನ್ನುವ ವಲಸೆ ಹಕ್ಕಿಗಳ ನೋಂದಣಿ. ವಯಸ್ಸು 16 ತುಂಬಿದವರಿಗೆ ಕೇಂದ್ರ ಸರ್ಕಾರದ ಡಕ್ ಸ್ಟ್ಯಾಂಪ್ ಕೂಡ ಬೇಕು, 25 ಡಾಲರ್. ಈ ಸ್ಟ್ಯಾಂಪ್ 1934ರಿಂದ ಇದೆ. ಒಂದು ಡಾಲರಿನಲ್ಲಿ 98 ಸೆಂಟ್ ನೇರವಾಗಿ ಜೌಗು ಜಾಗ ಕೊಳ್ಳುವುದಕ್ಕೆ, ಕಾಪಾಡುವುದಕ್ಕೆ ಹೋಗುತ್ತದೆ. ಪ್ರವೇಶ ಶುಲ್ಕ ಇರುವ ವನ್ಯಜೀವಿ ರೆಫ್ಯೂಜ್‌ಗಳಿಗೆ, ಅಂದರೆ ಸರ್ಕಾರದ ರಕ್ಷಿತ ತಾಣಗಳಿಗೆ, ಅದೇ ಪಾಸ್ ಆಗುವುದರಿಂದ ಕೋವಿ ಮುಟ್ಟದ ಪಕ್ಷಿಪ್ರಿಯರೂ ಇದನ್ನು ಕೊಳ್ಳುತ್ತಾರೆ.

ಎಚ್-1ಬಿ ವೀಸಾದಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಕೇಂದ್ರದ ಕಾನೂನಿನಲ್ಲಿ ನಿಷೇಧ ಇದೆ. ಅಮೆರಿಕದಲ್ಲಿ ಪಡೆದ ಹಂಟಿಂಗ್ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡಿನವರಿಗೆ ಈ ತೊಡಕಿಲ್ಲ. ಆದರೂ ಗೆಳೆಯನ ಕೋವಿಯನ್ನು 'ಒಂದ್ಸಲ ಕೊಡು ನೋಡೋಣ' ಅಂತ ಕೈಗೆ ತೆಗೆದುಕೊಳ್ಳುವ ಮುಂಚೆ ವಕೀಲರನ್ನು ಕೇಳಿ. ವೀಸಾ ಕಳೆದುಕೊಳ್ಳುವಷ್ಟು ರುಚಿ ಯಾವ ಬಾತಿಗೂ ಇಲ್ಲ.

ಸೀಸದ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ನಡೆಯುವುದಿಲ್ಲ. ಬಾತು ಬೇಟೆಗೆ ಇಡೀ ದೇಶದಲ್ಲಿ 1991ರಿಂದ ನಿಷೇಧ. ಕೆಸರಿಗೆ ಬಿದ್ದ ಸೀಸವನ್ನು ಬಾತುಗಳು ಕಾಳು, ಕಲ್ಲು ಅಂತ ನುಂಗಿ ಸಾಯುತ್ತಿದ್ದವು. ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯಬಾರದು, ಅದಕ್ಕೊಂದು ತಡೆಗೂಟ ಹಾಕಿರಬೇಕು.

ಜಾಗ: ಚೀಟಿ ಎತ್ತುವುದು ಒಂದು, ಓಡಿ ಹಿಡಿಯುವುದು ಇನ್ನೊಂದು

ಬ್ಲೈಂಡ್ ಅಂದರೆ ಬೇಟೆಗಾರ ಅಡಗಿ ಕೂರುವ ಮರೆ. ಕೆಲವು ಕಡೆ ಸರ್ಕಾರದವರೇ ಇಟ್ಟಿರುತ್ತಾರೆ. ಸ್ಯಾಕ್ರಮೆಂಟೊ ಕಣಿವೆಯ ರೆಫ್ಯೂಜ್‌ಗಳಲ್ಲಿ ಹೀಗೆ. ಬುಧವಾರ, ಶನಿವಾರ, ಭಾನುವಾರ ಮಾತ್ರ ಬೇಟೆ. ಮುಂಚೆಯೇ ಅರ್ಜಿ ಹಾಕಿ ಲಾಟರಿಯಲ್ಲಿ ಹೆಸರು ಬರಬೇಕು. ಬಂದವರಿಗೆ ಚೆಕ್ ಸ್ಟೇಶನ್ನಿನಲ್ಲಿ ನಂಬರ್ ಹಾಕಿದ ಮರೆ, ಇಲ್ಲವೇ ಎಲ್ಲಿ ಬೇಕಾದರೂ ಕೂರಬಹುದಾದ ಬಯಲು. ಹೆಸರು ಬಾರದವರು 'ಸ್ವೆಟ್ ಲೈನ್' ಅನ್ನುವ ಸರತಿಯಲ್ಲಿ ರಾತ್ರಿಯಿಡೀ ಕಾಯುತ್ತಾರೆ. ಒಳಗಿದ್ದವರು ಎದ್ದು ಬಂದರೆ ಇವರಿಗೆ ಜಾಗ. ತಿರುಪತಿ ಕ್ಯೂ ನೋಡಿದವರಿಗೆ ಇದು ಕಷ್ಟ ಅನ್ನಿಸುವುದಿಲ್ಲ. ಒಬ್ಬರಿಗೆ 25 ತೋಟಾ ಮಾತ್ರ ಒಳಗೆ, ಹಾಗಾಗಿ ಆಕಾಶಕ್ಕೆ ಸುಮ್ಮನೆ ಹೊಡೆಯುವವರು ಕಡಿಮೆ.

ಆ ಕಣಿವೆ ತುಂಬಾ ಭತ್ತದ ಗದ್ದೆ. ಮೊದಲೆಲ್ಲ ಕೊಯ್ಲಾದ ಮೇಲೆ ಹುಲ್ಲು ಸುಡುತ್ತಿದ್ದರು. ಹೊಗೆ ಜಾಸ್ತಿಯಾಯಿತೆಂದು 1991ರಲ್ಲಿ ಕಾನೂನು ತಂದು ಸುಡುವುದನ್ನು ಕಡಿಮೆ ಮಾಡಿಸಿದರು. ರೈತರು ಹುಲ್ಲು ಕೊಳೆಯಲಿ ಅಂತ ಗದ್ದೆಗೆ ನೀರು ಕಟ್ಟತೊಡಗಿದರು. ನೀರು ನಿಂತಲ್ಲಿ ಬಾತು ಇಳಿಯದೆ ಇರುತ್ತದೆಯೇ? ಮಂಡ್ಯದ ಕಡೆಯವನಾದ ನನಗೆ ಜನವರಿಯಲ್ಲಿ ಆ ಗದ್ದೆಗಳ ಪಕ್ಕ ಕಾರು ನಿಲ್ಲಿಸದೆ ಹೋಗುವುದಕ್ಕೆ ಆಗುವುದಿಲ್ಲ.

ಇನ್ನು ಅಲ್ವಿಸೋ. ಇದು ಡಾನ್ ಎಡ್ವರ್ಡ್ಸ್ ರೆಫ್ಯೂಜಿಗೆ ಸೇರಿದ ಜಾಗ. ನಗರದ ಮಡಿಲಲ್ಲಿ ಮಾಡಿದ ಮೊದಮೊದಲ ರಾಷ್ಟ್ರೀಯ ವನ್ಯಜೀವಿ ರೆಫ್ಯೂಜ್‌ಗಳಲ್ಲಿ ಇದೂ ಒಂದು, 1972ರದ್ದು. ಕೆಲವು ಕೊಳಗಳಲ್ಲಿ ಪರ್ಮಿಟ್ ಇದ್ದವರಿಗೆ ಬೇಟೆಗೆ ಬಿಡುತ್ತಾರೆ. ಇಲ್ಲಿ ನಂಬರು, ಚೀಟಿ ಏನೂ ಇಲ್ಲ. ಹಳೇ ಕಾಲದ ಮರೆಗಳು ನೀರಿನ ಮಧ್ಯೆ ಅಲ್ಲಲ್ಲಿ ನಿಂತಿವೆ. ಪರ್ಮಿಟ್ ಇದ್ದವರು ಅವನ್ನು ರಿಪೇರಿ ಮಾಡಿ ಇಟ್ಟುಕೊಳ್ಳಬಹುದು. ಆದರೆ ಕೂರುವ ಹಕ್ಕು ಮೊದಲು ಬಂದವರದ್ದು. ಯಾವ ಕೊಳ, ಯಾವ ದಿನ ಅನ್ನುವುದನ್ನು ಆ ವರ್ಷದ ನಕ್ಷೆ ನೋಡಿಯೇ ಹೊರಡಿ.

ನಮಗೆ ಇದು ತಲೆಗೆ ಹತ್ತಿದ್ದು ಪೆಟ್ಟು ತಿಂದ ಮೇಲೆ. ಒಂದು ವರ್ಷ ಸೀಸನ್ನಿಗೆ ಮುಂಚೆ ಮೂರು ವಾರಾಂತ್ಯ ಕೂತು ಒಂದು ಹಳೇ ಮರೆ ಸರಿಮಾಡಿದೆವು. ಕೊಳೆತ ಹಲಗೆ ಕಿತ್ತು ಹೊಸದು ಹಾಕಿದೆವು. ಇಬ್ಬರು ಕೂರುವ ಬೆಂಚು ಮಾಡಿದೆವು. ಮೊದಲ ದಿನ ಬೆಳಗಿನ ಜಾವ ಐದಕ್ಕೆ ದೋಣಿ ಹುಟ್ಟು ಹಾಕಿಕೊಂಡು ಹತ್ತಿರ ಹೋದರೆ ಒಳಗಿನಿಂದ ಟಾರ್ಚ್ ಎರಡು ಸಲ ಮಿನುಗಿತು. ಒಬ್ಬ ಅಜ್ಜ, ಪಕ್ಕದಲ್ಲಿ ಮೊಮ್ಮಗ, ಕಾಲ ಬಳಿ ನಾಯಿ. 'ಬೆಂಚು ಚೆನ್ನಾಗಿದೆ. ನೀವೇ ಹಾಕಿದ್ದಾ?' ಅಂತ ಕೇಳಿದರು. ಗೆಳೆಯ ಬಾಯಿ ಬಿಡುವ ಮುಂಚೆ ನಾನು ಅವನ ತೋಳು ಹಿಡಿದೆ.

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಬೆಳೆದವರು ನಾವು. 'ಅಣ್ಣಾ, ಆ ಸೀಟು ನಮ್ದು' ಅಂದರೆ ನಮ್ಮಲ್ಲಿ ಒಂದು ಬೆಲೆ ಇದೆ. ಇಲ್ಲಿ ಬೆಂಚು ಹೊಡೆದವನ ಟವೆಲಿಗೂ ಬೆಲೆ ಇಲ್ಲ. ಮಿನೆಸೋಟ ರಾಜ್ಯದಲ್ಲಿ ನಿಯಮ ಇನ್ನೂ ಖಡಕ್. ಸಾರ್ವಜನಿಕ ಜಾಗದಲ್ಲಿ ಯಾರೂ ಕೂತಿಲ್ಲದ ಮರೆ ಎಲ್ಲರದ್ದು, ಕಟ್ಟಿದವರದ್ದಲ್ಲ. ಬೆದರಿಸಿ ಎಬ್ಬಿಸಿದರೆ ಅದು ಅಪರಾಧ ಅಂತ ನೇರವಾಗಿ ಬರೆದಿದ್ದಾರೆ. ಹಾಗೆ ಬರೆಯಬೇಕಾಯಿತು ಅಂದರೆ ಎಷ್ಟು ಜಗಳ ಆಗಿರಬೇಕು ನೋಡಿ.

ಹೊತ್ತು ತರುವ ಮರೆ

ಅದಾದ ಮೇಲೆ ನಾವು ಮರೆಯನ್ನೇ ಜೊತೆಗೆ ಒಯ್ಯುವುದು ಕಲಿತೆವು. ಇಬ್ಬರಿಗೆ ಬೇಕಾಗುವುದು ಇಷ್ಟು: ಐದಡಿಯ ಹಗುರ ಪೈಪು ಆರು, ಹನ್ನೆರಡು ಅಡಿ ಉದ್ದ ನಾಲ್ಕು ಅಡಿ ಎತ್ತರದ ಗೋಣಿತಟ್ಟು, ಅಂಗಡಿಯಲ್ಲಿ ಸಿಗುವ ರಾಫಿಯಾ ಹುಲ್ಲಿನ ಚಾಪೆ, ಸೆಣಬಿನ ಹುರಿ, ಕೂರಲು ಎರಡು ಬಕೆಟ್. ಮನೆಯಲ್ಲೇ ಗೋಣಿತಟ್ಟಿಗೆ ಚಾಪೆ ಹೊಲಿದು, ಪೈಪು ತೂರಿಸಿ, ಬಿದಿರಿನ ತಡಿಕೆಯಂತೆ ಸುತ್ತಿಡಿ. ಅಲ್ಲಿ ಹೋಗಿ ಬಿಚ್ಚಿ ಕೆಸರಿಗೆ ಊರಿದರೆ ಹತ್ತು ನಿಮಿಷದ ಕೆಲಸ. ಹುರಿಗೆ ಜೀರುಗುಣಿಕೆ ಹಾಕಿ. ಸಂಜೆ ಚಳಿಗೆ ಬೆರಳು ಮರಗಟ್ಟಿರುತ್ತದೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು.

ಅಲ್ಲೇ ಇರುವ ಜೊಂಡು ಕೊಯ್ದು ಹೊದಿಸೋಣ ಅಂತ ಕೈ ಹೋಗುತ್ತದೆ. ಬೇಡ, ರೆಫ್ಯೂಜಿನಲ್ಲಿ ಗಿಡಕ್ಕೆ ಕತ್ತಿ ಹಚ್ಚುವಂತಿಲ್ಲ. ಬೆಳೆದು ನಿಂತ ಜೊಂಡಿನ ಪಕ್ಕ ನಿಮ್ಮ ತಡಿಕೆ ಊರಿ, ಅದು ಇದಕ್ಕೆ ಅಂಟಿಕೊಂಡ ಹಾಗೆ ಕಾಣಲಿ. ಏರಿ ಅಗೆದು ಗುಂಡಿಯಲ್ಲಿ ಕೂರುವುದಕ್ಕೂ ಅಲ್ವಿಸೋದಲ್ಲಿ ನಿಷೇಧ. ಕೆರೆ ಏರಿಗೆ ಗುದ್ದಲಿ ಹಾಕಿದವನನ್ನು ನಮ್ಮೂರಲ್ಲಿ ಏನು ಮಾಡುತ್ತಾರೆ ಅಂತ ಗೊತ್ತಲ್ಲ, ಇಲ್ಲೂ ಅದೇ ಲೆಕ್ಕ.

ಹುಲ್ಲು ಎಷ್ಟು ದಟ್ಟ ಅನ್ನುವುದಕ್ಕಿಂತ ನೆರಳು ಮುಖ್ಯ. ಮೇಲಿನಿಂದ ನೋಡುವ ಬಾತಿಗೆ ಬಯಲಿನಲ್ಲಿ ಚೌಕಾಕಾರದ ಕಪ್ಪು ಡಬ್ಬಿ ಕಂಡರೆ ಅದು ಎರಡನೇ ಸುತ್ತು ಬರುವುದಿಲ್ಲ. ತಡಿಕೆಯ ಮೇಲಂಚು ನೇರ ಗೆರೆಯಾಗಿ ಇರಬಾರದು, ಹುಲ್ಲು ಎತ್ತರ ತಗ್ಗಾಗಿ ಚಾಚಿರಲಿ. ಕೂತಾಗ ಅಂಚು ಮೂಗಿನ ಮಟ್ಟಕ್ಕೆ ಬರಲಿ. ಎಲ್ಲದಕ್ಕಿಂತ ದೊಡ್ಡ ತಪ್ಪು ತಲೆ ಎತ್ತಿ ನೋಡುವುದು. ಟೋಪಿಯ ಕೆಳಗಿನ ಮುಖ ಬೆಳಗಿನ ಬಿಸಿಲಿಗೆ ತಟ್ಟೆಯ ಹಾಗೆ ಹೊಳೆಯುತ್ತದೆ. ಕಣ್ಣು ಮಾತ್ರ ತಿರುಗಿಸಿ. ಸ್ಟೀಲ್ ಫ್ಲಾಸ್ಕಿಗೂ ಒಂದು ಗೋಣಿ ತುಂಡು ಸುತ್ತಿ.

ಗಾಳಿ ಬೆನ್ನಿಗೆ ಇರಲಿ. ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ, ಹಾಗಾಗಿ ನಿಮ್ಮ ಮುಖದ ಕಡೆಗೇ ಬರುತ್ತದೆ. ಮುಂದೆ ನೀರಿನಲ್ಲಿ ಪ್ಲಾಸ್ಟಿಕ್ಕಿನ ಹುಸಿಬಾತುಗಳನ್ನು ತೇಲಿಬಿಡಿ, ನಡುವೆ ಇಳಿಯಲು ಜಾಗ ಬಿಟ್ಟು. ಹಳೇ ಕನ್ನಡದ ಬೇಟೆಗಾರರು ಇಂಥದ್ದಕ್ಕೆ ದೀವ ಅನ್ನುತ್ತಿದ್ದರು, ಅವರದು ಜೀವಂತ ಪ್ರಾಣಿ. ಇಲ್ಲಿ ಜೀವಂತ ದೀವಕ್ಕೆ 1935ರಿಂದ ನಿಷೇಧ. ಕಾಳು ಚೆಲ್ಲಿ ಕರೆಯುವುದೂ ಅಪರಾಧ.

ಕತ್ತಲಲ್ಲಿ ಅಕ್ಕಪಕ್ಕ

ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ಮೊದಲ ಗುಂಡು ಹೊಡೆಯಬಹುದು. ಅಂದರೆ ಅದಕ್ಕಿಂತ ಒಂದು ಗಂಟೆ ಮುಂಚೆಯಾದರೂ ನೀವು ಕೂತಿರಬೇಕು. ಆ ಕತ್ತಲಲ್ಲೇ ಜಗಳ ಹುಟ್ಟುವುದು. ಯಾರೋ ನಿಮ್ಮ ಕಡೆ ಬರುತ್ತಿರುವುದು ಕೇಳಿಸಿದರೆ ಕೂಗಬೇಡಿ, ಟಾರ್ಚ್ ಎರಡು ಸಲ ಹಾಕಿ ಆರಿಸಿ. 'ಇಲ್ಲಿ ಜನ ಇದ್ದಾರೆ' ಅಂತ ಅರ್ಥ. ನಿಮಗೆ ಯಾರಾದರೂ ಹಾಗೆ ತೋರಿಸಿದರೆ ಗೊಣಗದೆ ತಿರುಗಿ. ಎಷ್ಟು ದೂರ? ಬರೆದ ನಿಯಮ ಇಲ್ಲದ ಕಡೆ ನಾವು 200 ಗಜ ಬಿಡುತ್ತೇವೆ. ಜೊತೆಗೆ ಅವರು ಯಾವ ದಿಕ್ಕಿಗೆ ಹೊಡೆಯುತ್ತಾರೆ ಅಂತ ಕೇಳಿಕೊಳ್ಳುತ್ತೇವೆ. ಜಾಗ ಕಡಿಮೆ ಇದ್ದರೆ 'ಒಟ್ಟಿಗೆ ಕೂರೋಣವಾ?' ಅಂತ ಕೇಳುವುದರಲ್ಲಿ ಅವಮಾನ ಏನಿಲ್ಲ. ಆ ಅಜ್ಜನ ಜೊತೆ ನಾವು ಆಮೇಲೆ ಹಾಗೆ ಕೂತಿದ್ದೇವೆ, ನಮ್ಮದೇ ಬೆಂಚಿನ ಮೇಲೆ. ಬಾತಿನ ಕೂಗು ಊದುವುದನ್ನು ಗೆಳೆಯ ಕಲಿತದ್ದು ಅವರಿಂದಲೇ.

ಪಕ್ಕದವರ ಹುಸಿಬಾತುಗಳ ಮೇಲೆ ಗುಂಪು ಸುತ್ತು ಹಾಕುತ್ತಿದ್ದರೆ ಅದು ಅವರ ಪಾಳಿ. ನಿಮ್ಮ ತಲೆಯ ಮೇಲೆ ಎತ್ತರದಲ್ಲಿ ಹಾದರೂ ಕೈ ಕಟ್ಟಿ ಕೂರಿ. ಸುಮಾರು 40 ಗಜದ ಆಚೆಗೆ ಹೊಡೆದರೆ ಹಕ್ಕಿ ಬೀಳುವುದಿಲ್ಲ, ಗಾಯವಾಗಿ ಎಲ್ಲೋ ಹೋಗಿ ಸಾಯುತ್ತದೆ, ಇಡೀ ಕೊಳದ ಬೆಳಗೂ ಹಾಳು. ಬಿದ್ದ ಹಕ್ಕಿ ಬೇಟೆ ಇಲ್ಲದ ಕಡೆ ಹೋಗಿ ಬಿದ್ದರೆ ಡಾನ್ ಎಡ್ವರ್ಡ್ಸ್‌ನಲ್ಲಿ ಹೋಗಿ ತರಬಹುದು, ಕೋವಿ ಮಾತ್ರ ಈಚೆಗೇ ಇಟ್ಟು. ಕೆಸರಿಗೆ ಇಳಿಯುವ ಮುಂಚೆ ಹುಟ್ಟು ಊರಿ ಆಳ ನೋಡಿ. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು.

ಬರೀ ನಡೆಯಲು ಬರುವವರಿಗೆ

1997ರ ರೆಫ್ಯೂಜ್ ಕಾನೂನು ಆರು ಕೆಲಸಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದೆ: ಬೇಟೆ, ಮೀನು ಹಿಡಿಯುವುದು, ಪ್ರಾಣಿಪಕ್ಷಿ ನೋಡುವುದು, ಫೋಟೋ, ಪರಿಸರ ಪಾಠ, ಜಾಗದ ಪರಿಚಯ. ನಿಮ್ಮ ಕ್ಯಾಮೆರಾಗೂ ಅವನ ಕೋವಿಗೂ ಅಲ್ಲಿ ಒಂದೇ ಹಕ್ಕು. ಸ್ಯಾಕ್ರಮೆಂಟೊ ರೆಫ್ಯೂಜಿನಲ್ಲಿ ಫೋಟೋದವರಿಗೇ ಬೇರೆ ಮರೆಗಳಿವೆ, ಮುಂಗಡ ಬುಕ್ ಮಾಡಬೇಕು. ಸದ್ದು ಬೇಡವಾದರೆ ಬೇಟೆಯ ದಿನ ಬಿಟ್ಟು ಹೋಗಿ. ಸೀಸನ್ ಹೆಚ್ಚುಕಡಿಮೆ ಅಕ್ಟೋಬರ್ ಕೊನೆಯಿಂದ ಜನವರಿ ಕೊನೆವರೆಗೆ. ಹೋದರೆ ಏರಿ ಬಿಟ್ಟು ಇಳಿಯಬೇಡಿ. ಪಾಪ ಹಕ್ಕಿ ಉಳಿಯಲಿ ಅಂತ ಚಪ್ಪಾಳೆ ತಟ್ಟಿ ಎಬ್ಬಿಸಿದರೆ ಕೇಸು ನಿಮ್ಮ ಮೇಲೆ. ಕಾನೂನು ಪಾಲಿಸುತ್ತಿರುವ ಬೇಟೆಗಾರನಿಗೆ ಬೇಕಂತಲೇ ಅಡ್ಡಿ ಮಾಡುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ.

ಎದ್ದು ಹೊರಡುವಾಗ

ಹುಸಿಬಾತು ಎಣಿಸಿ. 24 ತಂದಿದ್ದರೆ 24 ವಾಪಸ್ ಬರಬೇಕು, ದಾರದ ಸಮೇತ. ಖಾಲಿ ತೋಟಾಗಳು ಕೆಸರಲ್ಲಿ ಹೂತಿರುತ್ತವೆ, ಕಾಲಲ್ಲಿ ಒತ್ತಿ ಹುಡುಕಿ. ಡಾನ್ ಎಡ್ವರ್ಡ್ಸ್‌ನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನಿಮ್ಮ ಸಾಮಾನೆಲ್ಲ ಹೊರಗಿರಬೇಕು. ನಿಂತ ಮರೆಯಲ್ಲಿ ಕೂತಿದ್ದರೆ ಬೆಂಚಿನ ಕೆಸರು ಒರೆಸಿ. ಕಳೆದ ಸಲ ನಾವು ಹೋದಾಗ ಕೋವಿ ಒರಗಿಸಲು ಯಾರೋ ಒಳಗೆ ಒಂದು ಗೂಟ ಹೊಡೆದಿದ್ದರು. ನಾವು ಅದಕ್ಕೆ ಸುತ್ತಲು ಒಂದು ಗೋಣಿ ತುಂಡು ಬಿಟ್ಟು ಬಂದೆವು.

ಹಕ್ಕಿಯನ್ನು ಅಲ್ಲೇ ಪೂರ್ತಿ ಸುಲಿಯಬೇಡಿ. ಮನೆ ತಲುಪುವವರೆಗೆ ತಲೆಯೋ ಪುಕ್ಕ ಸಹಿತ ಒಂದು ರೆಕ್ಕೆಯೋ ಮೈಗೆ ಅಂಟಿರಬೇಕು. ದಾರಿಯಲ್ಲಿ ವನ್ಯಜೀವಿ ವಾರ್ಡನ್ ನಿಲ್ಲಿಸಿದರೆ ಯಾವ ಜಾತಿ, ಹೊಡೆಯಬಹುದಾದ ಮಿತಿ ದಾಟಿದೆಯೋ ಇಲ್ಲವೋ ಅಂತ ನೋಡುವುದು ಅದರಿಂದಲೇ. ಮನೆಗೆ ಬಂದ ಮೇಲೆ ನನ್ನದು ಬರೀ ಪುಕ್ಕ ಕೀಳುವ ಕೆಲಸ. ಮಾಂಸದಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ, ಕಾಚಂಪುಳಿಯ ಬಾಟಲಿ ಗೆಳೆಯನ ಹತ್ತಿರ ಇದೆ. ಎಷ್ಟು ಹಾಕಬೇಕು ಅಂತ ಅವನು ಇವತ್ತಿನವರೆಗೂ ಹೇಳಿಕೊಟ್ಟಿಲ್ಲ.