ಬೆಳಕಿನ ಚಿಪ್‌ಗೆ ಶ್ರುತಿ ಮಾಡುವುದು ಹೇಗೆ?

ಇದು ಲ್ಯಾಬಿನ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಆದರೆ ತಂಬೂರಿ ಶ್ರುತಿ ಮಾಡುವುದನ್ನು ನೋಡಿದ್ದರೆ ಅರ್ಧ ಗೊತ್ತಾದ ಹಾಗೆಯೇ.

ಈ ಚಿಪ್‌ನಲ್ಲಿ ಬೆಳಕು ಹರಿಯಲು ಸಿಲಿಕಾನ್‌ನ ಸಣ್ಣ ಕಾಲುವೆಗಳಿರುತ್ತವೆ. ಅಗಲ ಸುಮಾರು 500 ನ್ಯಾನೊಮೀಟರ್, ದಪ್ಪ 220. ಕಾಲುವೆಯನ್ನು ಬಳೆಯಂತೆ ಸುತ್ತಿಸಿದರೆ, ಅದು ತನಗೆ ಹೊಂದುವ ತರಂಗಾಂತರದ ಬೆಳಕನ್ನಷ್ಟೇ ಹಿಡಿಯುತ್ತದೆ. ತಯಾರಿಕೆಯಲ್ಲಿ ಅಗಲ 1 ನ್ಯಾನೊಮೀಟರ್ ತಪ್ಪಿದರೂ ಆ ತರಂಗಾಂತರ ಹೆಚ್ಚುಕಮ್ಮಿ ಅಷ್ಟೇ ಜಾರುತ್ತದೆ. ಫೈಬರ್ ಜಾಲದಲ್ಲಿ ಒಂದೊಂದು ಚಾನೆಲ್‌ಗೆ ಒಂದೊಂದು ತರಂಗಾಂತರ; ಎರಡು ಚಾನೆಲ್‌ಗಳ ನಡುವಿನ ಅಂತರ ಎಷ್ಟೋ ಕಡೆ ಬರೀ 0.8 ನ್ಯಾನೊಮೀಟರ್. ಅಂದರೆ ಬಳೆ ಪಕ್ಕದವರ ಮಾತು ಕದ್ದು ಕೇಳುತ್ತದೆ!

ಮೊದಲು ಅಳೆಯಬೇಕು. ಚಿಪ್‌ನ ಉಷ್ಣತೆ ಅಲುಗದಂತೆ ಹಿಡಿದು, ಲೇಸರ್‌ನ ತರಂಗಾಂತರವನ್ನು 1550 ನ್ಯಾನೊಮೀಟರ್ ಆಸುಪಾಸಿನಲ್ಲಿ ನಿಧಾನಕ್ಕೆ ಬದಲಿಸುತ್ತಾ ಹೋಗುತ್ತಾರೆ. ಹೊರಬರುವ ಬೆಳಕು ಎಲ್ಲಿ ತಟ್ಟನೆ ಕುಸಿಯುತ್ತದೋ, ಅದೇ ಬಳೆಯ ಸ್ವರ.

ಸುಲಭದ ದಾರಿ, ಬಳೆಯ ಮೇಲೊಂದು ಪುಟ್ಟ ಹೀಟರ್. ಬಿಸಿಯಾದಷ್ಟೂ ಸಿಲಿಕಾನ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ, ಏರುತ್ತದೆ. ಪ್ರತಿ ಡಿಗ್ರಿಗೆ ತರಂಗಾಂತರ 0.1 ನ್ಯಾನೊಮೀಟರ್‌ಗೆ ತುಸು ಕಮ್ಮಿ ಮೇಲೆ ಹೋಗುತ್ತದೆ. ಆದರೆ ಕರೆಂಟು ಸದಾ ಹರಿಯುತ್ತಿರಬೇಕು, ಪಕ್ಕದ ಬಳೆಗೂ ಶಾಖ ತಟ್ಟುತ್ತದೆ. ನೂರಾರು ಬಳೆಗಳಿದ್ದರೆ? ನನಗಂತೂ ಇದು ತೀರದ ಬಾಡಿಗೆ ಅನ್ನಿಸುತ್ತದೆ.

ಒಮ್ಮೆ ತಿದ್ದಿದರೆ ಹಾಗೇ ನಿಲ್ಲುವ ಉಪಾಯವೂ ಇದೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಇದರಲ್ಲಿ ಬಹಳ ಕೆಲಸ ಮಾಡಿದ್ದಾರೆ. ಬಳೆಯ ಒಂದು ತುಂಡಿಗೆ ಮೊದಲೇ ಜರ್ಮೇನಿಯಂ ಅಯಾನುಗಳನ್ನು ಹೊಡೆಯುತ್ತಾರೆ. ಅಲ್ಲಿ ಸಿಲಿಕಾನ್‌ನ ಹರಳು ಕೆಟ್ಟು, ಸೂಚ್ಯಂಕ ಸುಮಾರು 0.5 ಏರುತ್ತದೆ. ಬೇಕೆಂದೇ ಕೆಡಿಸುವುದು ವಿಚಿತ್ರ, ಅಲ್ವಾ? ಆಮೇಲೆ ಅದೇ ಜಾಗಕ್ಕೆ ಲೇಸರ್ ಹಾಯಿಸಿ ಕಾಯಿಸಿದರೆ ಹರಳು ಮತ್ತೆ ಕೂಡಿಕೊಳ್ಳುತ್ತದೆ, ಸೂಚ್ಯಂಕದ ಜೊತೆ ತರಂಗಾಂತರವೂ ಇಳಿಯುತ್ತದೆ.

ಇಲ್ಲಿ ಅವಸರ ಬೇಡ. ಸ್ವಲ್ಪ ಹಾಯಿಸಿ, ಆರಲು ಬಿಟ್ಟು, ಅಳೆದು, ಮತ್ತೆ ಸ್ವಲ್ಪ. ಬಿಸಿ ಇರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಕೂಡಿದ ಹರಳನ್ನು ಲೇಸರ್‌ನಿಂದ ಹಿಂದಿನ ಸ್ಥಿತಿಗೆ ತರಲು ಬರುವುದಿಲ್ಲ. ಹೀಟರ್ ಕೂಡ ಇದ್ದರೆ ಗುರಿಗಿಂತ ಕೂದಲೆಳೆಯಷ್ಟು ಕೆಳಗೇ ನಿಲ್ಲಿಸುವುದು ಜಾಣತನ, ಏಕೆಂದರೆ ಹೀಟರ್‌ಗೆ ಏರಿಸಲು ಮಾತ್ರ ಗೊತ್ತು. ಲೇಸರ್ ತಂಬೂರಿಯ ಬಿರಡೆಯಾದರೆ, ಹೀಟರ್ ಕೊನೆಗೆ ಸರಿಸುವ ಮಣಿ.