ಕಪ್ಪು ಕಾರಿನ ಎಂಜಿನ್ ಜಾಸ್ತಿ ಕಾಯುತ್ತದಾ? ನೀವೇ ಪರೀಕ್ಷೆ ಮಾಡಿ ನೋಡಿ

ಏಪ್ರಿಲ್ ಬಂತೆಂದರೆ ಶಿವಮೊಗ್ಗದಲ್ಲಿ ಕಪ್ಪು ಕಾರಿನವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ‘ಕಪ್ಪು ತಗೊಂಡಿದ್ದೀರಲ್ಲ, ಎಂಜಿನ್ ಹೀಟ್ ಆಗಲ್ವಾ?’ ನಾನೂ ಅದನ್ನೇ ನಂಬಿದ್ದೆ. ನಮ್ಮ ಕಪ್ಪು ಕಾರಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಆಗಾಗ ಮೇಲೇರುತ್ತಿತ್ತು. ಗ್ಯಾರೇಜಿಗೆ ಒಯ್ದರೆ, ‘ಬೇಸಿಗೆ, ಕಪ್ಪು ಬಣ್ಣ ಬೇರೆ, ಅಷ್ಟೇ’ ಎಂದು ವಾಪಸ್ ಕಳಿಸಿದರು.

ಜೂನ್‌ನಲ್ಲಿ ಒಂದು ಸಂಜೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಜಿಟಿಜಿಟಿ ಮಳೆ. ಎದುರಿನ ತಿರುವೂ ಕಾಣದಷ್ಟು ಮಂಜು. 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಮುಗಿದಿತ್ತೋ ಇಲ್ಲವೋ, ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಸಂದಿಯಿಂದ ಹಬೆ ಬಂತು. ಬಿಸಿಲೇ ಇಲ್ಲದ ಕಡೆ ಬಣ್ಣ ಏನು ಮಾಡೀತು? ಅವತ್ತೇ ನನಗೆ ಆ ಮಾತಿನ ಮೇಲಿನ ನಂಬಿಕೆ ಹೋಯಿತು.

ಬಣ್ಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು.

ಮೊದಲು ತಗಡು ಮುಟ್ಟಿ ನೋಡಿ

ಒಂದು ಬಿಳಿ ಕಾರು, ಒಂದು ಕಪ್ಪು ಕಾರು. ಎರಡನ್ನೂ ಮಧ್ಯಾಹ್ನದ ಬಿಸಿಲಲ್ಲಿ ಅಕ್ಕಪಕ್ಕ ಎರಡು ತಾಸು ನಿಲ್ಲಿಸಿ. ಎಂಜಿನ್ ಶುರು ಮಾಡಬೇಡಿ. ಆಮೇಲೆ ಎರಡರ ಚಾವಣಿಯನ್ನೂ ಬೆರಳ ತುದಿಯಿಂದ ಮುಟ್ಟಿ. ಬಿಳಿಯದರ ಮೇಲೆ ಕೈ ಇಡಬಹುದು. ಕಪ್ಪಿನದು ಕಾದ ಕಾವಲಿ.

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲೂ ಇದೇ ಕಂಡಿತ್ತು. ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಕಾರುಗಳನ್ನು ಬಿಸಿಲಿಗೆ ಇಟ್ಟಿದ್ದರು. ಚಾವಣಿಯಲ್ಲಿ 25 ಡಿಗ್ರಿವರೆಗೂ ವ್ಯತ್ಯಾಸ ಬಂತು. ಒಳಗಿನ ಗಾಳಿಯಲ್ಲಿ ಮಾತ್ರ 5–6 ಡಿಗ್ರಿ. ಹಾಗಾಗಿ ಬಣ್ಣ ಲೆಕ್ಕಕ್ಕೆ ಬರುವುದು ನಿಮ್ಮ ಸೀಟಿಗೆ, ಎಸಿಗೆ. ಆದರೆ ಬಿಳಿ ಕಾರು ತಂಪು ಅಂದುಕೊಂಡು ಮಕ್ಕಳನ್ನು ಒಳಗೆ ಬಿಟ್ಟು ಸಂತೆಗೆ ಇಳಿಯಬೇಡಿ. ಯಾವ ಬಣ್ಣದ್ದೇ ಇರಲಿ, ಗಾಜು ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ.

ಈಗ ಎಂಜಿನ್ ಅಳೆಯಿರಿ

ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬಬೇಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಬಿಸಿ ಸುಮಾರು ಏರಿಳಿದರೂ ಮುಳ್ಳು ನಡುವಲ್ಲೇ ನಿಂತಿರುತ್ತದೆ. ಸ್ಟೀರಿಂಗ್ ಕೆಳಗೆ ಎಂಜಿನ್ ಮಾಹಿತಿ ಕೊಡುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಸಿಗುತ್ತದೆ. ಅದನ್ನು ಹಾಕಿದರೆ ಮೊಬೈಲಿನಲ್ಲಿ ಕೂಲಂಟ್ ಎಷ್ಟು ಡಿಗ್ರಿ ಇದೆ ಅಂತ ಸರಿಯಾಗಿ ಕಾಣುತ್ತದೆ. ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ, ನೀವು ರಸ್ತೆ ನೋಡಿ.

ಶಿವಮೊಗ್ಗದಿಂದ ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ ಮಧ್ಯಾಹ್ನ ಒಮ್ಮೆ ಹೋಗಿ. ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ರಾತ್ರಿ ಒಮ್ಮೆ ಹೋಗಿ. ಕಾರು ಸರಿಯಾಗಿದ್ದರೆ ಎರಡು ಸಲವೂ ಸಂಖ್ಯೆ 90ರ ಆಸುಪಾಸಿನಲ್ಲೇ ಓಡಾಡುತ್ತದೆ. ರಾತ್ರಿ ಬಿಸಿಲಿಲ್ಲ, ಬಣ್ಣದ ಪ್ರಶ್ನೆಯೇ ಇಲ್ಲ. ಆದರೂ ಅಷ್ಟೇ.

ಇದಕ್ಕೆ ಕಾರಣ ಥರ್ಮೋಸ್ಟಾಟ್. ಕೂಲಂಟ್ 82ರಿಂದ 90 ಡಿಗ್ರಿ ಆಗುವಾಗ ತೆರೆದುಕೊಳ್ಳುವ ಚಿಕ್ಕ ಬಾಗಿಲು ಅದು. ಬಿಸಿ ಜಾಸ್ತಿಯಾದರೆ ಇನ್ನಷ್ಟು ತೆರೆದು ಕೂಲಂಟನ್ನು ಗಾಳಿ ತಾಗಿ ತಣಿಯುವ ಜಾಗಕ್ಕೆ, ಅಂದರೆ ಕಾರಿನ ಮುಂಭಾಗದ ರೇಡಿಯೇಟರಿಗೆ, ಬಿಡುತ್ತದೆ. ಕಮ್ಮಿಯಾದರೆ ಮುಚ್ಚಿಕೊಳ್ಳುತ್ತದೆ. ಹೊರಗೆ ಚಳಿಯೋ ಸೆಕೆಯೋ, ಎಂಜಿನ್ನಿಗೆ ಬೇಕಾದ ಹದ ಒಂದೇ.

ಲೆಕ್ಕವನ್ನೂ ಹಾಕಿ ನೋಡೋಣ. ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಹೆಚ್ಚೆಂದರೆ 1000 ವಾಟ್ ಶಾಖ ತರುತ್ತದೆ. ಬಾನೆಟ್ಟಿನ ಅಳತೆ ಹೆಚ್ಚುಕಮ್ಮಿ ಅಷ್ಟೇ. ಕಪ್ಪು ಬಾನೆಟ್ ಅದರಲ್ಲಿ ಬಹುಪಾಲು ಹೀರುತ್ತದೆ. ಬಿಳಿಯದು ತುಂಬಾ ಕಡಿಮೆ ಹೀರುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಇಸ್ತ್ರಿ ಪೆಟ್ಟಿಗೆಯಷ್ಟೂ ಇಲ್ಲ. ಅದನ್ನೂ ಓಡುವ ಕಾರಿನ ಗಾಳಿ ಹೊತ್ತುಕೊಂಡು ಹೋಗುತ್ತದೆ. ಇತ್ತ ಸಿಲಿಂಡರಿನೊಳಗೆ ಉರಿಯುವ ಅನಿಲ 2000 ಡಿಗ್ರಿ ದಾಟುತ್ತದೆ. ತುಂಬು ಸಂಸಾರ ಹೊತ್ತು ಘಾಟಿ ಹತ್ತುವ ಕಾರು ರೇಡಿಯೇಟರ್ ಮೂಲಕವೇ 10,000 ವಾಟ್‌ಗೂ ಮಿಕ್ಕಿ ಶಾಖ ಹೊರಗೆ ಹಾಕಬೇಕು. ಬಣ್ಣದ ಪಾಲು ಎಷ್ಟು ಅಂತ ಗೊತ್ತಾಯಿತಲ್ವಾ?

‘ಹಾಗಾದರೆ ಬೈಕ್ ಎಂಜಿನ್ನಿಗೆ ಕಪ್ಪು ಯಾಕೆ ಬಳಿಯುತ್ತಾರೆ?’ ಎಂದು ಕೇಳುವವರಿದ್ದಾರೆ. ಒಳ್ಳೆ ಪ್ರಶ್ನೆ. ಬಿಸಿ ವಸ್ತು ಶಾಖವನ್ನು ಹೊರಬಿಡುವುದು ಕಣ್ಣಿಗೆ ಕಾಣದ ಕಿರಣದಲ್ಲಿ. ಆ ಕಿರಣದ ಮಟ್ಟಿಗೆ ಬಿಳಿ ಪೇಂಟೂ ಒಂದೇ, ಕಪ್ಪು ಪೇಂಟೂ ಒಂದೇ. ಎರಡೂ ಚೆನ್ನಾಗಿಯೇ ಬಿಡುತ್ತವೆ. ಬಿಡದಿರುವುದು ಫಳಫಳ ಹೊಳೆಯುವ ಬರಿ ಅಲ್ಯೂಮಿನಿಯಂ. ಅಂದರೆ ಅಲ್ಲಿ ಕೆಲಸ ಮಾಡುವುದು ಪೇಂಟ್, ಅದರ ಬಣ್ಣ ಅಲ್ಲ. ಅದೂ ತೆಳ್ಳಗಿದ್ದರೆ ಮಾತ್ರ. ಹೆಚ್ಚಿನ ಶಾಖವನ್ನು ಒಯ್ಯುವುದು ಗಾಳಿಯೇ. ದಪ್ಪಗೆ ಮೂರು ಕೋಟ್ ಹೊಡೆದರೆ ಪೇಂಟೇ ಅಡ್ಡ ಬರುತ್ತದೆ.

ನಿಜವಾಗಿ ನೋಡಬೇಕಾದ ಜಾಗ

ನಮ್ಮ ಕಾರಿನ ರೋಗ ಸಿಕ್ಕಿದ್ದು ಬೇರೊಬ್ಬ ಮೆಕ್ಯಾನಿಕ್ ಕೈಯಲ್ಲಿ. ಅವರು ಮುಂದಿನ ಗ್ರಿಲ್ ಬಿಚ್ಚಿದರು. ಎಸಿಯ ಶಾಖ ಹೊರಹಾಕುವ ಕಂಡೆನ್ಸರಿಗೂ ಅದರ ಹಿಂದಿನ ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟರು. ಎರಡು ಬೆರಳು ತೂರಿಸಿ ಏನನ್ನೋ ಎಳೆದರು. ಬಂದದ್ದು ಹಳೇ ಕಂಬಳಿ ತುಂಡಿನಂಥದ್ದು. ಬಿಡಿಸಿ ನೋಡಿದರೆ ಕೆಂಪು ಧೂಳು, ಭತ್ತದ ಹೊಟ್ಟು, ಮೊದಲ ಮಳೆಗೆ ದೀಪಕ್ಕೆ ಮುತ್ತುವ ಮಳೆಹುಳುಗಳ ರೆಕ್ಕೆ. ನೂರಾರು ರೆಕ್ಕೆ, ಒಂದರ ಮೇಲೊಂದು ಅಂಟಿಕೊಂಡಿದ್ದವು. ಮುಂದಿನಿಂದ ನೋಡಿದರೆ ಎಲ್ಲ ಕ್ಲೀನಾಗಿಯೇ ಕಾಣುತ್ತಿತ್ತು. ಗಾಳಿ ಮಾತ್ರ ದಾಟುತ್ತಿರಲಿಲ್ಲ.

ಮಲೆನಾಡಿನಲ್ಲಿ ಓಡುವ ಕಾರಿಗೆ ವರ್ಷಕ್ಕೆರಡು ಸಲ ಈ ಸಂದಿ ತೊಳೆಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ. ಎಂಜಿನ್ ಪೂರ್ತಿ ತಣ್ಣಗಿರಲಿ, ಕೀ ಜೇಬಿನಲ್ಲಿರಲಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ. ನೀರು ಎಂಜಿನ್ ಕಡೆಯಿಂದ ಹೊರಕ್ಕೆ ಹಾಯಬೇಕು, ಸಣ್ಣ ಧಾರೆ ಸಾಕು. ಪ್ರೆಶರ್ ವಾಶರ್ ಹಿಡಿದರೆ ತೆಳ್ಳನೆ ತಗಡಿನ ಎಸಳುಗಳು ಮಡಚಿಕೊಳ್ಳುತ್ತವೆ.

ಇನ್ನು ಕೂಲಂಟ್. ದಾರಿಯ ಹಳ್ಳದ ನೀರನ್ನೋ ಬಾವಿ ನೀರನ್ನೋ ರೇಡಿಯೇಟರಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ತುರ್ತಿಗೆ ಸರಿ. ಅದೇ ಉಳಿದುಬಿಟ್ಟರೆ ಒಳಗೆ ತುಕ್ಕು ಹಿಡಿಯುತ್ತದೆ, ಕಿಟ್ಟ ಕಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿದರೆ, ರೇಡಿಯೇಟರ್ ಕ್ಯಾಪಿನ ಒತ್ತಡವೂ ಸೇರಿ, 120 ಡಿಗ್ರಿ ದಾಟುವವರೆಗೂ ಅದು ಕುದಿಯುವುದಿಲ್ಲ. ರೆಡಿ ಮಿಕ್ಸ್ ತಂದರೆ ಮತ್ತೆ ನೀರು ಬೆರೆಸಬೇಡಿ. ಎಸಿ ಹಾಕಿ ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿ, ಫ್ಯಾನ್ ತಿರುಗುತ್ತದಾ ನೋಡಿ. ಹೋಸ್‌ಗಳ ಮೇಲೆ ಇಲಿ ಹಲ್ಲಿನ ಗುರುತಿದೆಯಾ ನೋಡಿ.

ಘಾಟಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆಯಾಗುತ್ತದೆ, ತಡೆದುಕೊಳ್ಳಿ. ಎಂಜಿನ್ನಿನ ಶಾಖ ಒಳಗೆ ಬಂದು ಅಷ್ಟು ಹೊರೆ ಇಳಿಯುತ್ತದೆ. ಕೆಂಪು ಮುಟ್ಟಿತೋ, ತಿರುವು ದಾಟಿ ಅಗಲ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಅರ್ಧ ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲಂಟ್ ಚಿಮ್ಮಿ ಮುಖ ಸುಟ್ಟುಬಿಡುತ್ತದೆ.

ಕೂಲಂಟ್ ಟ್ಯಾಂಕಿನ ಮೇಲೆ ನಾನು ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ತಾರೀಖು ಬರೆದಿದ್ದೇನೆ. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡುತ್ತೇನೆ. ಕೂಲಂಟ್ ಗೆರೆಯಿಂದ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆ ವಾರ ಘಾಟಿ ಹತ್ತುವುದಿಲ್ಲ, ಮೊದಲು ಮೆಕ್ಯಾನಿಕ್ ಹತ್ತಿರ ಹೋಗುತ್ತೇನೆ.