ಗೋಡೆ ಬಿಟ್ಟು ಬಂದ ಬೀರು

ಶ್ರಾವಣದ ಮೊದಲ ಶುಕ್ರವಾರ. ಪೂಜೆಗೆ ಉಡೋಣ ಎಂದು ಧಾರೆ ಸೀರೆ ತೆಗೆದೆ. ಮಡಿಕೆಯ ಉದ್ದಕ್ಕೂ ಬಿಳಿ ಬೂಷ್ಟು. ಪಕ್ಕದಲ್ಲಿದ್ದ ಯಜಮಾನರ ಬೆಲ್ಟ್ ಹಸಿರಾಗಿತ್ತು. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಇದೇನು ಹೊಸದಲ್ಲ ಬಿಡಿ. ಆದರೆ ಅದೇ ಬೀರುವಿನ ಬಾಗಿಲ ಕಡೆ ಇಟ್ಟ ಬಟ್ಟೆ ಚೆನ್ನಾಗೇ ಇತ್ತು. ಹಿಂಬದಿಗೆ ತಾಗಿದ್ದು ಮಾತ್ರ ಹಾಳು. ಬೀರು ಒರಗಿದ್ದು ಪಶ್ಚಿಮದ ಹೊರಗೋಡೆಗೆ. ಮುಂಗಾರಿನ ಗಾಳಿ, ಮಳೆ ನೇರ ಬಂದು ಹೊಡೆಯುವುದೂ ಅದಕ್ಕೇ.

ನಮ್ಮದು ಒಂದೇ ಬೆಡ್‌ರೂಮಿನ ಫ್ಲಾಟ್. ರೂಮು 12ಕ್ಕೆ 10 ಅಡಿ. ಇಡೀ ಮನೆಗೆ ಒಂದೇ ಬಚ್ಚಲು, ಅದರ ಬಾಗಿಲು ಈ ರೂಮಿನೊಳಗೆ. ಕಟ್ಟಿಸಿದವರು ಏನು ಯೋಚನೆ ಮಾಡಿದ್ದರೋ! ಹಾಲ್‌ನಲ್ಲಿ ಮಲಗುವ ಅತ್ತೆ ರಾತ್ರಿ ಎದ್ದರೆ ನಮ್ಮ ಮಂಚದ ಪಕ್ಕದಲ್ಲೇ ಹೋಗಬೇಕು. ಬಾಗಿಲು ತಟ್ಟುವುದಾ ಬೇಡವಾ ಎಂದು ಪಾಪ ಅವರಿಗೂ ಮುಜುಗರ. ನೆಂಟರು ಬಂದರಂತೂ ಮಂಚದ ಮೇಲಿನ ಬಟ್ಟೆ ರಾಶಿಗೆ ಸುಮ್ನೆ ಒಂದು ಬೆಡ್‌ಶೀಟ್ ಹೊದಿಸಿಬಿಡುತ್ತಿದ್ದೆ.

ಮರಗೆಲಸದವರನ್ನು ಕರೆಸಿ ಅದೇ ಗೋಡೆಗೆ ಸೂರಿನವರೆಗೂ ಬೀರು ಬೇಕು ಎಂದೆ. ಅವರು ಗೋಡೆ ಮೇಲೆ ಅಂಗೈ ಇಟ್ಟು ನೋಡಿದರು. "ಮಳೆಗಾಲದಲ್ಲಿ ಇದಕ್ಕೆ ಬೆನ್ನು ಕೊಟ್ಟು ಕೂತ್ರೆ ನಮಗೇ ಶೀತ ಆಗುತ್ತೆ ಅಕ್ಕಾ, ಬಟ್ಟೆಗೆ ಆಗಲ್ವಾ?"

ಹಾಗಾದರೆ ಎಲ್ಲಿ ಇಡುವುದು? ಹಾಲ್‌ನ ಬಾಗಿಲು, ಬಚ್ಚಲ ಬಾಗಿಲು ಎರಡೂ ಪೂರ್ವದ ಗೋಡೆ ಪಕ್ಕದಲ್ಲಿ ಎದುರುಬದುರು ಇವೆ. ಬೀರುವನ್ನೇ ಅಡ್ಡಗೋಡೆ ಮಾಡಿ ನಡುವೆ ನಿಲ್ಲಿಸಿದರೆ ಆಚೆ ಓಡಾಟ, ಈಚೆ ನಮ್ಮ ಮಂಚ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಪೂರ್ವದ ಗೋಡೆಯಿಂದ 32 ಇಂಚು ಓಡಾಟಕ್ಕೆ. ಆಮೇಲೆ 24 ಇಂಚು ಬೀರು. ಹ್ಯಾಂಗರ್ರೇ 17-18 ಇಂಚು ಇರುತ್ತೆ, ಆಳ ಕಮ್ಮಿ ಮಾಡಿದರೆ ಬಾಗಿಲಿಗೆ ಅಂಗಿಯ ತೋಳು ಸಿಕ್ಕಿಕೊಳ್ಳುತ್ತೆ. 12 ಅಡಿಯಲ್ಲಿ ಉಳಿದದ್ದು 88 ಇಂಚು. ಮಂಚಕ್ಕೆ 60, ಅದು ಹೊರಗೋಡೆಯಿಂದ 4 ಇಂಚು ದೂರ, ಬೀರುವಿನ ಮುಂದೆ 24. "ಇದೇನೇ, ಕುಂಟೆಬಿಲ್ಲೆ ಆಡ್ತೀಯಾ?" ಎಂದರು ಅತ್ತೆ. ಮೂರು ದಿನ ಆ ಗೆರೆಗಳಲ್ಲೇ ಓಡಾಡಿದೆವು. ಬೀರುವಿನ ಬಾಗಿಲು ಒಂದೊಂದೂ 18 ಇಂಚು ದಾಟಬಾರದು ಎಂದು ಗೊತ್ತಾಗಿದ್ದು ಆಗಲೇ. ದೊಡ್ಡದಾದರೆ ತೆರೆಯುವಾಗ ಮಂಚ ಹತ್ತಿ ನಿಲ್ಲಬೇಕು.

ಬೀರು 7 ಅಡಿ ಉದ್ದ, 7 ಅಡಿ ಎತ್ತರ. ಮೇಲೆ ಸೂರಿನವರೆಗೆ ಖಾಲಿ ಬಿಟ್ಟಿದ್ದೇವೆ, ಗಾಳಿ ಆಡಲಿ ಎಂದು. ಕೆಳಗೆ 4 ಇಂಚಿನ ಕಾಲು, ಪೊರಕೆ ಹೋಗುತ್ತೆ. ಮರದ ನಾರು ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ ಅಗ್ಗ ನಿಜ, ಆದರೆ ತೇವಕ್ಕೆ ಊದಿಕೊಳ್ಳುತ್ತೆ. ನಾವು ನೀರು ತಡೆಯುವ, ಐ.ಎಸ್. 710 ಮುದ್ರೆ ಇರುವ ಪ್ಲೈವುಡ್ ತಂದೆವು. ಬೆನ್ನಿಗೆ ತೆಳುವಾದ 6 ಎಂ.ಎಂ. ಬೇಡ ಎಂದು ಹಟ ಹಿಡಿದು 12 ಎಂ.ಎಂ. ಹಾಕಿಸಿದೆ. ಓಡಾಡುವ ಕಡೆಗೆ ಅದೇ ಗೋಡೆ ಅಲ್ವಾ? ಟವೆಲ್, ಸ್ವೆಟರ್‌ಗೆ ಕೊಕ್ಕೆಗಳೂ ಅದರ ಮೇಲೇ. ಬೀಳದಂತೆ ನೆಲಕ್ಕೂ ಪಕ್ಕದ ಗೋಡೆಗೂ ಎಲ್ ಕ್ಲಾಂಪ್ ಹೊಡೆಸಿದೆವು. ರೂಮಿನ 10 ಅಡಿಯಲ್ಲಿ ಉಳಿದ 3 ಅಡಿ ಸಂದಿಗೆ ದಪ್ಪ ಪರದೆ. ಬೀರುವಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಎಲ್‌ಇಡಿ ಬಲ್ಬು. ಕಿಟಕಿಗೆ ಎದುರು ಮನೆಯ ಅಡುಗೆಮನೆ ಕಾಣುತ್ತಿತ್ತು, ಅಂದರೆ ಅವರಿಗೆ ನಾವೂ. ಗಾಜಿನ ಕೆಳಗಿನ ಅರ್ಧಕ್ಕೆ ಮಸುಕು ಸ್ಟಿಕ್ಕರ್ ಅಂಟಿಸಿದೆ.

ಎಲ್ಲ ಮುಗಿದ ಮೇಲೆ ನೋಡಿದರೆ ಫ್ಯಾನ್ ಮರೆತಿದ್ದೆವು! ರೂಮಿನ ನಡುವಿನ ಕೊಂಡಿಯಲ್ಲೇ ಇತ್ತು. ಅರ್ಧ ಗಾಳಿ ಬೀರುವಿನ ತಲೆಗೆ. ಮಂಚದ ಮೇಲೆ ಬರುವಂತೆ ಬೇರೆ ಕೊಂಡಿ ಹಾಕಿಸಬೇಕಾಯ್ತು, ಹೊಸ ಬೀರುವಿನ ಮೇಲೆಲ್ಲ ಸಿಮೆಂಟಿನ ಧೂಳು. ಮಂಚದ ಪೆಟ್ಟಿಗೆಯಲ್ಲಿ ಕಂಬಳಿ ಬಿಟ್ಟು ಬೇರೇನೂ ಇಡುವುದಿಲ್ಲ, ಅಲ್ಲಿ ಗಾಳಿ ಕಮ್ಮಿ. ಗೋಡೆ ಬದಿ ಮಲಗುವ ಯಜಮಾನರು ನನ್ನನ್ನು ದಾಟಿ ಇಳಿಯಬೇಕು, ಅದೊಂದು ದೂರು ಇದ್ದೇ ಇದೆ.

ಮೊದಲ ಮಳೆಗಾಲ ಮುಗಿಯುವವರೆಗೆ ಸೀರೆಗಳನ್ನು ಎರಡು ಸಲ ತೆಗೆದು ನೋಡಿದೆ. ಬೂಷ್ಟು ಇಲ್ಲ. ಬೆಲ್ಟ್ ಮಾತ್ರ ಮತ್ತೆ ಹಸಿರಾಗಿದೆ. ಅದನ್ನು ಅವರು ಈಗ ಪಶ್ಚಿಮದ ಗೋಡೆಯ ಹಳೇ ಮೊಳೆಗೆ ನೇತುಹಾಕುತ್ತಾರೆ.